ಫಾರಂ ನಂಬರ್ 7 ಮತ್ತು ದೇವರಾಜ ಅರಸು

ಮೈಸೂರಿಗೆ ಟ್ರಿಪ್ ಹೋದವರು ದೇವರಾಜ ಅರಸು ರೋಡಲ್ಲಿ ಒಂದು ರೌಂಡ್ ಹಾಕಿಯೇ ಇರ್ತೀರ. ಸಿಇಟಿಯಲ್ಲಿ ಸೀಟು ಸಿಕ್ಕಿದ ಮೇಲೆ ಅರಿವು ಸಾಲಕ್ಕೆ ಅರ್ಜಿ ಹಾಕಿದ ಫ್ರೆಂಡ್ಸ್ ಕೂಡ ನಮ್ಮಲ್ಲಿ ತುಂಬಾ ಜನ ಇದ್ದಾರೆ. ಅವರಲ್ಲಿ ಕೆಲವರ ಅರ್ಜಿಯ ಮೇಲೆ ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಅಂತ ಇರುತ್ತೆ. ನನಗೂ ಈ ಹೆಸರು ಅಷ್ಟೇ ಗೊತ್ತಿತ್ತು. ಒಂದು ರೋಡು, ಒಂದು ನಿಗಮ, ಸ್ಕೂಲಲ್ಲಿ ಇಂಗ್ಲಿಷ್ ಪುಸ್ತಕದಲ್ಲಿ ಓದಿದ ಎರಡು ಸಾಲು. ಹಾಗಾಗಿ ಈ ಲೇಖನದಲ್ಲಿ ಕನ್ನಡ ಸ್ವಲ್ಪ ಅಲ್ಲಿ ಇಲ್ಲಿ ಎಡವಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಹೋದ ದಸರಾ ರಜೆಯಲ್ಲಿ ಅಜ್ಜಿ ಮನೆಗೆ ಹೋಗಿದ್ದೆ. ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆ ಹೋಗೋ ದಾರಿಯಲ್ಲಿ ಒಳಗಡೆ ಇರೋ ಒಂದು ಊರು. ತಾತ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸ್ಬೇಕು ಅಂತ ಅಪ್ಪ ಹಳೇ ಟ್ರಂಕ್ ತೆಗೆದು ಕಾಗದ ಹುಡುಕ್ತಾ ಇದ್ರು. ಪ್ಲಾಸ್ಟಿಕ್ ಕವರ್ ಒಳಗೆ ಮಡಿಸಿಟ್ಟಿದ್ದ ಒಂದು ಕಾಗದ ಸಿಕ್ತು. ಮಡಿಕೆಗಳೆಲ್ಲ ಹರಿದು ಹೋಗಿದ್ವು. ಮೇಲೆ ಫಾರಂ ನಂಬರ್ 10 ಅಂತ ಇತ್ತು, ಕೆಳಗೆ ಸೀಲು. ಅದು ನಮ್ಮ ಮುತ್ತಾತನ ಹೆಸರಿನಲ್ಲಿತ್ತು. ಅಜ್ಜಿ ಅದನ್ನ ನೋಡಿದ ಕೂಡಲೇ ಇದು ಅರಸು ಕೊಟ್ಟ ಜಮೀನು ಕಣೋ, ಜೋಪಾನ ಅಂದ್ರು. ಮುಖ್ಯಮಂತ್ರಿ ಒಬ್ಬರು ನಮ್ಮ ಮುತ್ತಾತನಿಗೆ ಯಾಕೆ ಜಮೀನು ಕೊಡ್ತಾರೆ ಅಂತ ನನಗೆ ಅರ್ಥ ಆಗ್ಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನ ಇಲ್ಲಿ ಬರೀತಿದ್ದೀನಿ.

ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಅರಸು ಸಮುದಾಯ ಅಂದ್ರೆ ಮೈಸೂರು ರಾಜಮನೆತನಕ್ಕೆ ನೆಂಟಸ್ತಿಕೆ ಇರೋ ಸಮುದಾಯ. ಹೆಸರು ದೊಡ್ಡದು, ಜನಸಂಖ್ಯೆ ಮಾತ್ರ ತುಂಬಾ ಚಿಕ್ಕದು. ಓದಿದ್ದು ಮೊದಲು ಮೈಸೂರಿನ ಅರಸು ಬೋರ್ಡಿಂಗ್ ಸ್ಕೂಲಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಬಿಎಸ್‌ಸಿ. ಅವರ ತಮ್ಮ ಕೆಂಪರಾಜ ಅರಸು ಸಿನಿಮಾಗೆ ಹೋದರು, ನಟ ಮತ್ತು ನಿರ್ದೇಶಕ ಆದರು. ಡಿಗ್ರಿ ಮುಗಿಸಿದ ಅಣ್ಣ ಊರಿಗೆ ವಾಪಸ್ ಬಂದು ಬೇಸಾಯ ಶುರು ಮಾಡಿದರು. ಆ ಕಾಲದಲ್ಲಿ ಬಿಎಸ್‌ಸಿ ಅಂದ್ರೆ ಸರ್ಕಾರಿ ಕೆಲಸ ಗ್ಯಾರಂಟಿ ಅನ್ನೋ ಹಾಗಿತ್ತು, ಆದ್ರೂ ಇವರು ಹೊಲಕ್ಕೆ ಹೋದರು. ಯಾರು ಉಳ್ತಾರೆ, ಯಾರು ಎಣಿಸ್ಕೊಂಡು ತಗೊಂಡು ಹೋಗ್ತಾರೆ ಅನ್ನೋದನ್ನ ಪುಸ್ತಕದಲ್ಲಿ ಅಲ್ಲ, ಕಣದಲ್ಲೇ ನಿಂತು ನೋಡಿದ್ದರು.

1941ರಲ್ಲಿ, ಇಪ್ಪತ್ತಾರನೇ ವಯಸ್ಸಿಗೆ, ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1942ರ ಚಳವಳಿಯಲ್ಲಿ ಜೈಲಿಗೂ ಹೋದರು. ಸ್ವಾತಂತ್ರ್ಯ ಬಂದ ಮೇಲೆ 1952ರ ಮೊದಲ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕರಾದರು. ಮುಂದೆ ಮಂತ್ರಿಯೂ ಆದರು. ಆದ್ರೆ ಆಗಿನ ರಾಜಕೀಯ ಎರಡು ದೊಡ್ಡ ಸಮುದಾಯಗಳ ಕೈಯಲ್ಲಿತ್ತು, ಇವರ ಹಿಂದೆ ಅಂಥ ಓಟು ಇರ್ಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ದೊಡ್ಡ ನಾಯಕರೆಲ್ಲ ಹೆಚ್ಚಾಗಿ ನಿಜಲಿಂಗಪ್ಪನವರ ಕಡೆ ನಿಂತರು. ಅರಸು ಇಂದಿರಾ ಗಾಂಧಿ ಕಡೆ ಹೋದರು. 1972ರ ವಿಧಾನಸಭಾ ಚುನಾವಣೆಯಲ್ಲಿ 216 ಸೀಟುಗಳಲ್ಲಿ 165 ಇವರ ಪಕ್ಷಕ್ಕೆ ಬಂತು. ಆ ವರ್ಷ ಮಾರ್ಚ್ 20ಕ್ಕೆ ಅರಸು ಮುಖ್ಯಮಂತ್ರಿ ಆದರು. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು, 1973ರ ನವೆಂಬರ್ 1ರಂದು, ಇವರ ಕಾಲದಲ್ಲೇ. ನಾವು ರಾಜ್ಯೋತ್ಸವಕ್ಕೆ ಸ್ಟೇಜ್ ಹಾಕಿ ಡಾನ್ಸ್ ಮಾಡುವಾಗ ಇದೂ ನೆನಪಿರ್ಲಿ.

ಈಗ ನಮ್ಮ ಟ್ರಂಕಿನ ಕಾಗದದ ಕಥೆಗೆ ಬರೋಣ. ಗೇಣಿ ಅಂದ್ರೆ ಏನು ಅಂತ ನನ್ನ ಹಾಗೇ ಗೊತ್ತಿಲ್ಲದವರಿಗೆ ಒಂದು ಮಾತು. ಜಮೀನು ಒಬ್ಬರದ್ದು, ಉಳೋದು ಇನ್ನೊಬ್ಬರು. ಬೆಳೆದದ್ದರಲ್ಲಿ ಒಂದು ಪಾಲು ಅಥವಾ ಇಷ್ಟು ಅಂತ ಅಳತೆ ಒಡೆಯರಿಗೆ. ಈ ವ್ಯವಹಾರಕ್ಕೆ ಸಾಮಾನ್ಯವಾಗಿ ಕಾಗದ ಇರ್ತಿರಲಿಲ್ಲ, ಎಲ್ಲಾ ಬಾಯಿ ಮಾತು. ಮುಂದಿನ ವರ್ಷ ಬರಬೇಡ ಅಂದ್ರೆ ಮುಗೀತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದಕ್ಕೆ ಕಾರಣ ಭತ್ತ ಅಳೆಯೋ ಕೊಳಗ. ಅಳತೆ ಸರಿ ಇರ್ಲಿ ಅಂತ ಕೇಳಿದ್ದಕ್ಕೆ ಶುರುವಾದ ಜಗಳ, ಉಳುವವನೇ ಒಡೆಯ ಆಗಬೇಕು ಅನ್ನೋ ತನಕ ಹೋಯ್ತು.

ಹಾಗಂತ ಕಾನೂನೇ ಇರ್ಲಿಲ್ಲ ಅಂತಲ್ಲ. ನನಗೆ ತುಂಬಾ ಆಶ್ಚರ್ಯ ಆಗಿದ್ದು ಇದೇ. ಕರ್ನಾಟಕ ಭೂಸುಧಾರಣಾ ಕಾಯ್ದೆ ಇರೋದು 1961ರಿಂದ, ಜಾರಿಗೆ ಬಂದಿದ್ದು 1965ರ ಅಕ್ಟೋಬರ್ 2ಕ್ಕೆ. ಆದ್ರೆ ಅದರಲ್ಲಿ ಒಡೆಯರು ಸ್ವಂತ ಬೇಸಾಯ ಮಾಡ್ತೀನಿ ಅಂತ ಹೇಳಿ ಜಮೀನು ವಾಪಸ್ ತಗೊಳ್ಳೋಕೆ ದಾರಿ ಇತ್ತು. ಗೇಣಿದಾರ ತನ್ನ ಹಕ್ಕು ಕೇಳಬೇಕು ಅಂದ್ರೆ ಕೋರ್ಟು, ವಕೀಲರು, ಸಾಕ್ಷಿ, ಖರ್ಚು. ಒಂದು ದಿನ ಕೂಲಿ ಬಿಟ್ಟರೆ ಮನೆಯಲ್ಲಿ ಒಲೆ ಉರಿಯಲ್ಲ ಅನ್ನೋರಿಗೆ ಇದು ಆಗೋ ಕೆಲಸ ಅಲ್ಲ. ಅಂದ್ರೆ ಹಕ್ಕು ಪುಸ್ತಕದಲ್ಲಿ ಇತ್ತು, ಅದನ್ನ ಮುಟ್ಟೋಕೆ ಮಾತ್ರ ಆಗ್ತಿರ್ಲಿಲ್ಲ. ನಾವು ಲ್ಯಾಬಲ್ಲಿ ಬರೀತೀವಲ್ಲ, ಕೋಡ್ ಎಲ್ಲಾ ಸರಿ ಇದೆ, ಆದ್ರೆ ಇನ್‌ಪುಟ್ ಕೊಡೋಕೆ ಜಾಗವೇ ಇಲ್ಲ, ಆ ಥರ.

ಅರಸು ಸರ್ಕಾರ ಆ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಯಾಯ್ತು. ಆ ದಿನದಿಂದ ಗೇಣಿಗೆ ಕೊಟ್ಟಿದ್ದ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು, ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ವಾಪಸ್ ತಗೊಳ್ಳೋ ದಾರಿ ಮುಚ್ಚಿತು. ಉಳ್ತಾ ಇದ್ದವರು ಒಂದು ಅರ್ಜಿ ಕೊಡಬೇಕು, ಅದೇ ಫಾರಂ ನಂಬರ್ 7. ಅದನ್ನ ವಿಚಾರಣೆ ಮಾಡೋಕೆ ತಾಲ್ಲೂಕು ಮಟ್ಟದಲ್ಲೇ ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಅವರಲ್ಲಿ ಒಬ್ಬರಾದ್ರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಮಂಡಳಿ ಮುಂದೆ ವಕೀಲರು ಬರೋ ಹಾಗಿಲ್ಲ ಅಂತಲೂ ಮಾಡಿದರು. ದುಡ್ಡಿದ್ದವರು ದೊಡ್ಡ ವಕೀಲರನ್ನ ಕರ್ಕೊಂಡು ಬಂದ್ರೆ ಗೇಣಿದಾರ ಬಾಯಿ ಬಿಡೋಕೂ ಹೆದರ್ತಾನೆ ಅನ್ನೋದು ಲೆಕ್ಕ. 1987ರಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನ ಎತ್ತಿ ಹಿಡಿಯಿತು, ವಕೀಲರನ್ನ ತಡೆಯೋ ಅಂಶ ಮಾತ್ರ ನಿಲ್ಲಲಿಲ್ಲ. ಅಷ್ಟರಲ್ಲಿ ಹೆಚ್ಚಿನ ಅರ್ಜಿಗಳ ಕೆಲಸ ಮುಗಿದಿತ್ತು.

ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನ ಆದವು. ಕರಾವಳಿ, ಮಲೆನಾಡಿನ ಕಡೆಯವು ತುಂಬಾ ಇದ್ದವು, ಆದ್ರೆ ನಮ್ಮ ಕಡೆನೂ ಇದ್ದವು. ಮಂಡಳಿ ಒಪ್ಪಿದ ಮೇಲೆ ಸಿಗೋ ಪ್ರಮಾಣಪತ್ರವೇ ಫಾರಂ ನಂಬರ್ 10, ಅಜ್ಜಿ ಜೋಪಾನ ಅಂದ ಕಾಗದ. ಕೂಲಿಯವರು ಒಡೆಯರ ಜಾಗದಲ್ಲಿ ಗುಡಿಸಲು ಹಾಕ್ಕೊಂಡಿದ್ರೆ ಆ ಮನೆ ಜಾಗ ಅವರಿಗೇ ಸೇರೋಕೂ ಈ ಕಾಯ್ದೆಯಲ್ಲಿ ಅವಕಾಶ ಇತ್ತು.

ನಮ್ಮ ಮುತ್ತಾತನಿಗೆ ಓದು ಬರ್ತಿರ್ಲಿಲ್ಲ. ಊರಿನ ಮೇಷ್ಟ್ರು ಫಾರಂ ತುಂಬಿಕೊಟ್ಟರಂತೆ, ಇವರು ಹೆಬ್ಬೆಟ್ಟು ಒತ್ತಿದರಂತೆ. ಮಂಡಳಿ ಮುಂದೆ ಏನು ಕೇಳಿದ್ರು ಅಂದ್ರೆ, ಹೊಲದ ನಾಲ್ಕು ಕಡೆ ಏನಿದೆ ಹೇಳು ಅಂದ್ರಂತೆ. ಉಳೋನಿಗೆ ಅದು ಗೊತ್ತಿರಲ್ವಾ? ಹುಣಸೆ ಮರದಿಂದ ಹಿಡಿದು ಬದುವಿನ ಕಲ್ಲಿನ ತನಕ ಹೇಳಿದರಂತೆ. ಇದನ್ನ ಅಜ್ಜಿ ಈಗಲೂ ತನ್ನ ಮಾವ ಡಿಸ್ಟಿಂಕ್ಷನ್ ತಗೊಂಡ ಹಾಗೆ ಹೇಳ್ತಾರೆ.

ಆದ್ರೆ ಮುತ್ತಾತನ ತಮ್ಮ ಅರ್ಜಿ ಹಾಕಲಿಲ್ಲ. ಅವರೂ ಅದೇ ಒಡೆಯರ ಪಕ್ಕದ ತುಂಡು ಉಳ್ತಾ ಇದ್ದರು. ಒಡೆಯರು ಮಗಳ ಮದುವೆಗೆ ಸಾಲ ಕೊಟ್ಟಿದ್ದರು, ಅನ್ನ ಕೊಟ್ಟವರ ಮೇಲೆ ಅರ್ಜಿ ಹಾಕೋದು ಹೇಗೆ ಅಂತ ಸುಮ್ಮನಾದರು. ಅರ್ಜಿಯ ಕೊನೇ ದಿನಾಂಕವನ್ನ ಸರ್ಕಾರ ಹಲವು ಸಲ ಮುಂದಕ್ಕೆ ಹಾಕಿತು. ಕೊನೆಗೆ 1979ರ ಜೂನ್ 30ಕ್ಕೆ ಅದೂ ಮುಗೀತು. ಚಿಕ್ಕ ಮುತ್ತಾತ ಇನ್ನೂ ಕೆಲವು ವರ್ಷ ಅಲ್ಲೇ ಉತ್ತರು. ಒಡೆಯರು ತೀರಿಕೊಂಡ ಮೇಲೆ ಅವರ ಮಕ್ಕಳು ಬರಬೇಡ ಅಂದರು. ತೋರಿಸೋಕೆ ಒಂದು ಚೀಟಿನೂ ಇರ್ಲಿಲ್ಲ. ಅರ್ಜಿ ಹಾಕದೇ ಉಳಿದವರಿಗೆ 1998ರಲ್ಲಿ ಫಾರಂ 7ಎ ಅಂತ ಇನ್ನೊಂದು ಅವಕಾಶ ಬಂತು, ಆದ್ರೆ ಅದಕ್ಕೆ ಜಮೀನು ಅವರ ಸ್ವಾಧೀನದಲ್ಲೇ ಇರಬೇಕಿತ್ತು. ಅಷ್ಟು ಹೊತ್ತಿಗೆ ಆ ಮನೆಯವರು ಯಶವಂತಪುರದ ಮಾರ್ಕೆಟ್ಟಲ್ಲಿ ಮೂಟೆ ಹೊರೋಕೆ ಬಂದಾಗಿತ್ತು. ಒಂದೇ ಮನೆ, ಒಂದೇ ಕಾನೂನು, ಅಣ್ಣನಿಗೆ ಹೊಲ, ತಮ್ಮನಿಗೆ ಇಲ್ಲ. ನಮ್ಮ ಹೊಲದ ಮೇಲೆ ಸಾಲ ತೆಗೆದು ಅಪ್ಪನ್ನ ಓದಿಸಿದ್ದರಿಂದ ನಾನು ಇವತ್ತು ಈ ಕಾಲೇಜಲ್ಲಿ ಕೂತಿದ್ದೀನಿ. ಆ ಕಡೆ ಮನೆಯ ನನ್ನ ವಯಸ್ಸಿನ ಅಣ್ಣ ಹೆಬ್ಬಾಳದ ಹತ್ತಿರ ಡೆಲಿವರಿ ಮಾಡ್ತಾನೆ. ಹಬ್ಬಕ್ಕೆ ಸಿಕ್ಕಾಗ ಚೆನ್ನಾಗೇ ಮಾತಾಡ್ತಾನೆ. ನನಗೇ ಒಂಥರಾ ಆಗುತ್ತೆ.

ಅರಸು ಕಾಲದ ಕಾನೂನುಗಳು ಇದೊಂದೇ ಅಲ್ಲ. 1972ರಲ್ಲಿ ವಕೀಲರಾದ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ಮಾಡಿದರು. 1975ರಲ್ಲಿ ವರದಿ ಬಂತು, 1977ರಲ್ಲಿ ಮೀಸಲಾತಿ ಆದೇಶ ಆಯ್ತು. ವಿರೋಧ ಜೋರಾಗೇ ಇತ್ತು, ವಿಷಯ ಸುಪ್ರೀಂ ಕೋರ್ಟ್ ತನಕ ಹೋಯ್ತು. ನಾವು ಸಿಇಟಿ ಫಾರಂನಲ್ಲಿ ತುಂಬೋ 2ಎ, 3ಬಿ ಎಲ್ಲ ಆಮೇಲಿನ ಆಯೋಗ, ಆದೇಶಗಳಿಂದ ಬಂದ ಪಟ್ಟಿ, ಆದ್ರೆ ಆ ದಾರಿ ಗಟ್ಟಿಯಾಗಿದ್ದು ಹಾವನೂರು ವರದಿಯಿಂದ. ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ನಿಷೇಧ ಮಾಡಿದರು. 1976ರಲ್ಲಿ ಬಡವರ ಸಾಲಕ್ಕೆ ಋಣ ಪರಿಹಾರ ಕಾಯ್ದೆ ಬಂತು. ನಿರುದ್ಯೋಗಿ ಪದವೀಧರರಿಗೆ ಸ್ಟೈಪೆಂಡ್ ಕೂಡ ಕೊಟ್ಟರು.

ಇನ್ನೊಂದು ಕಾಯ್ದೆ ನಮ್ಮ ಉತ್ತರ ಬೆಂಗಳೂರಿನವರಿಗೆ ಗೊತ್ತಿರಲೇಬೇಕು. ಯಲಹಂಕ, ದೇವನಹಳ್ಳಿ ಕಡೆ ಸೈಟ್ ನೋಡೋಕೆ ಹೋದ್ರೆ ಪಿಟಿಸಿಎಲ್ ಏನಾದ್ರೂ ಇದೆಯಾ ಅಂತ ವಕೀಲರು ಮೊದಲು ಕೇಳ್ತಾರೆ. ಅದು 1978ರ ಕಾಯ್ದೆ, 1979ರ ಜನವರಿ 1ರಿಂದ ಜಾರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ. ಮಂಜೂರಾತಿ ಷರತ್ತು ಮೀರಿ ಮೊದಲೇ ಮಾರಿದ್ದರೂ ಆ ಮಾರಾಟ ಊರ್ಜಿತ ಅಲ್ಲ, ಅಸಿಸ್ಟೆಂಟ್ ಕಮಿಷನರ್ ಅದನ್ನ ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಬಿಡಿಸಿ ಕೊಡಬಹುದು. ಒಂದು ಮದುವೆ, ಒಂದು ಕಾಯಿಲೆ ಬಂದ್ರೆ ಸಾಕು, ಬಡವರ ಜಮೀನು ಕಾಸಿಗೆ ಕೈ ಬಿಟ್ಟು ಹೋಗ್ತಿತ್ತು, ಅದಕ್ಕೆ ಹಾಕಿದ ತಡೆ ಇದು. 2008ರಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ಈ ಕಡೆ ಜಮೀನಿನ ರೇಟ್ ಎಲ್ಲಿಗೆ ಹೋಗಿದೆ ಅಂತ ನಿಮಗೇ ಗೊತ್ತು, ಅದಕ್ಕೇ ಈ ಕಾಯ್ದೆಯ ಕೇಸುಗಳು ಈಗಲೂ ನಡೀತಾನೇ ಇವೆ. ಎಷ್ಟು ವರ್ಷದ ಒಳಗೆ ಅರ್ಜಿ ಹಾಕ್ಬೇಕು ಅನ್ನೋ ತಕರಾರಿಗೆ 2023ರಲ್ಲಿ ತಿದ್ದುಪಡಿ ತಂದು, ಕಾಲಮಿತಿ ಇಲ್ಲ ಅಂತ ಸೇರಿಸಿದರು.

ಇಷ್ಟು ಓದಿದ ಮೇಲೆ ಅರಸು ನನಗೆ ಹೀರೋ ಆಗಿಬಿಟ್ಟಿದ್ದರು. ಆಮೇಲೆ ಇನ್ನೊಂದು ಕಡೆನೂ ಓದ್ಬೇಕಾಯ್ತು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಇಲ್ಲಿ ಮುಖ್ಯಮಂತ್ರಿ ಇವರೇ. ತಾಲ್ಲೂಕುಗಳಲ್ಲಿ ಗೇಣಿದಾರರಿಗೆ ಹಕ್ಕು ಸಿಗ್ತಾ ಇದ್ದ ಅದೇ ದಿನಗಳಲ್ಲಿ ಬೆಂಗಳೂರು ಸೆಂಟ್ರಲ್ ಜೈಲಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ವಿಚಾರಣೆ ಇಲ್ಲದೆ ಬಂಧನದಲ್ಲಿದ್ದರು. ಸಂಸ್ಕಾರ ಸಿನಿಮಾದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿ ಅವರನ್ನೂ ಬಂಧಿಸಿದ್ದರು. ಅಸ್ತಮಾ ಇದ್ದ ಅವರು ಪೆರೋಲ್ ಮೇಲೆ ಹೊರಗೆ ಬಂದ ಐದೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಒಂದು ಕೈಯಲ್ಲಿ ಹಕ್ಕು ಕೊಟ್ಟ ಸರ್ಕಾರವೇ ಇನ್ನೊಂದು ಕೈಯಲ್ಲಿ ಕಸಿದುಕೊಂಡಿತ್ತು. ಇದನ್ನ ಬಿಟ್ಟು ಬರೆದ್ರೆ ಅದು ಜೀವನ ಚರಿತ್ರೆ ಆಗಲ್ಲ, ಬ್ಯಾನರ್ ಆಗುತ್ತೆ.

ಭೂಸುಧಾರಣೆಯಲ್ಲೂ ನೋವು ಇತ್ತು. ಎರಡು ಎಕರೆ ಗೇಣಿಗೆ ಕೊಟ್ಟು ಬದುಕ್ತಾ ಇದ್ದ ವಿಧವೆಯರು, ಸಣ್ಣ ಒಡೆಯರು ಕೂಡ ಜಮೀನು ಕಳಕೊಂಡರು. ಎಷ್ಟೋ ಊರುಗಳಲ್ಲಿ ದೊಡ್ಡವರು ಕಾನೂನು ಬರೋಕೆ ಮುಂಚೆನೇ ಗೇಣಿದಾರರನ್ನ ಬಿಡಿಸಿದ್ದರು. ಸ್ವಂತ ಗೇಣಿಯೂ ಇಲ್ಲದ, ಬರೀ ಕೂಲಿ ಮಾಡ್ತಿದ್ದವರಿಗೆ ಹೊಲ ಬರಲಿಲ್ಲ. ನಮ್ಮ ಕ್ಲಾಸಲ್ಲೇ ಒಬ್ಬನ ಮನೆಯಲ್ಲಿ ಅರಸು ಹೆಸರು ಹೇಳಿದ್ರೆ ಅವರ ಅಜ್ಜ ಈಗಲೂ ಊಟ ಬಿಟ್ಟು ಏಳ್ತಾರಂತೆ, ಅವರದ್ದು ಜಮೀನು ಹೋದ ಮನೆ. ನಾವಿಬ್ಬರೂ ಒಂದೇ ಬೆಂಚಲ್ಲಿ ಕೂರ್ತೀವಿ.

ಅವರ ರಾಜಕೀಯದ ಕೊನೆ ಚೆನ್ನಾಗಿರ್ಲಿಲ್ಲ. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಇವರ ಮೇಲಿನ ಆರೋಪಗಳ ವಿಚಾರಣೆಗೆ ಗ್ರೋವರ್ ಆಯೋಗ ನೇಮಿಸಿತು. ಕೇಂದ್ರಕ್ಕೆ ಆ ಅಧಿಕಾರ ಇದೆಯಾ ಅಂತ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯ್ತು, ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಸೋತಿತು. ಆಯೋಗ ಕೆಲವು ಆರೋಪಗಳು ಸಾಬೀತಾಗಿವೆ ಅಂತಲೂ ಹೇಳಿತು. 1977ರ ಡಿಸೆಂಬರ್ ಕೊನೆಗೆ ಸರ್ಕಾರ ಹೋಯ್ತು, ರಾಷ್ಟ್ರಪತಿ ಆಳ್ವಿಕೆ ಬಂತು. ಆದ್ರೂ 1978ರ ಚುನಾವಣೆಯಲ್ಲಿ ಜನ ಮತ್ತೆ ಗೆಲ್ಲಿಸಿದರು. ಅದೇ ವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯನ್ನ ಗೆಲ್ಲಿಸಿ ಲೋಕಸಭೆಗೆ ಕಳಿಸಿದ್ದರಲ್ಲಿ ಇವರ ಪಾತ್ರ ದೊಡ್ಡದು. ಮರುವರ್ಷವೇ ಇಬ್ಬರಿಗೂ ಬಿರುಕು ಬಂತು, ಪಕ್ಷದಿಂದ ಹೊರಗೆ ಬಂದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇವರ ಪಕ್ಷಕ್ಕೆ ಕರ್ನಾಟಕದಲ್ಲಿ ಒಂದು ಸೀಟೂ ಬರ್ಲಿಲ್ಲ. ಶಾಸಕರು ರಾತ್ರೋರಾತ್ರಿ ಆ ಕಡೆ ಹೋದರು, ಇವರು ರಾಜೀನಾಮೆ ಕೊಟ್ಟರು. ಯಾವಾಗಲೂ ಪೈಪ್ ಹಿಡಿದಿರ್ತಿದ್ದ, ಸುತ್ತ ಜನ ತುಂಬಿರ್ತಿದ್ದ ಮನುಷ್ಯ ಒಂಟಿ ಆದರು. ಕರ್ನಾಟಕ ಕ್ರಾಂತಿರಂಗ ಅಂತ ಹೊಸ ಪಕ್ಷ ಕಟ್ಟೋ ಹೊತ್ತಲ್ಲೇ, 1982ರ ಜೂನ್ 6ರಂದು ಬೆಂಗಳೂರಲ್ಲಿ ತೀರಿಕೊಂಡರು. ಆಗ ಅವರಿಗೆ 66 ವರ್ಷ.

ಅವರ ಕಾಯ್ದೆಯಲ್ಲಿ ಆಮೇಲೆ ಬದಲಾವಣೆಗಳೂ ಆಗಿವೆ. ರೈತರಲ್ಲದವರು ಕೃಷಿ ಜಮೀನು ಕೊಳ್ಳೋದನ್ನ ತಡೀತಿದ್ದ 79ಎ, 79ಬಿ ಸೆಕ್ಷನ್‌ಗಳನ್ನ 2020ರಲ್ಲಿ ತೆಗೆದು ಹಾಕಿದರು. ಅದು ಸರಿಯಾ ತಪ್ಪಾ ಅಂತ ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯ ಇದೆ. ಅಪ್ಪನಿಗೆ ಸರಿ, ಅಜ್ಜಿಗೆ ತಪ್ಪು.

ನನಗೆ ಇದರಿಂದ ಉಳಿದಿದ್ದು ಒಂದು ವಿಷಯ. ಕಾನೂನು ಅಂದ್ರೆ ವಕೀಲರಿಗೆ, ಪೊಲೀಸರಿಗೆ ಬಿಟ್ಟಿದ್ದು ಅಂತ ನಾವು ಅಂದ್ಕೊಳ್ತೀವಿ. ಆದ್ರೆ ಹಕ್ಕು ಜನರ ಕೈಗೆ ಸಿಗೋದು ಒಂದು ಫಾರಂ, ಒಂದು ಕೊನೇ ದಿನಾಂಕ, ಕೇಳಿಸ್ಕೊಳ್ಳೋಕೆ ಹತ್ತಿರದಲ್ಲಿ ಒಂದು ಜಾಗ ಇದ್ದಾಗ. ಅರಸು ಅದನ್ನ ಮಾಡಿಟ್ಟರು. ಹೋಗಿ ಅರ್ಜಿ ಹಾಕೋದು ಮಾತ್ರ ನಮ್ಮ ಕೆಲಸ. ಅಣ್ಣ ಹಾಕಿದರು, ತಮ್ಮ ಹಾಕಲಿಲ್ಲ. ಈಗಲೂ ಅದೇ. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ರೆ 2011ರ ಸಕಾಲ ಕಾಯ್ದೆ ಪ್ರಕಾರ ಒಂದು ನಂಬರು, ಒಂದು ಗಡುವು ಇರುತ್ತೆ, ತಡ ಆದ್ರೆ ಮೇಲ್ಮನವಿ ಇದೆ. ನಾಳೆ ಬಾ ಅಂತ ಮೂರು ಸಲ ವಾಪಸ್ ಕಳಿಸಿದಾಗ ನಾನು ಸುಮ್ಮನೆ ಬಂದಿದ್ದೆ, ರಸೀದಿ ಕೇಳಬಹುದು ಅಂತಲೇ ಗೊತ್ತಿರ್ಲಿಲ್ಲ.

ಈ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜಿ, ತಾತನ್ನ ಒಂದು ಸಲ ಕೇಳಿ, ನಮ್ಮ ಮನೆಯಲ್ಲಿ ಫಾರಂ 7 ಹಾಕಿದ್ರಾ ಅಂತ. ಹಾಕಿದ ಮನೆಯ ಕಥೆ ಒಂದು ಥರ, ಜಮೀನು ಹೋದ ಮನೆಯ ಕಥೆ ಇನ್ನೊಂದು ಥರ, ಯಾವುದೂ ಇಲ್ಲದವರ ಕಥೆ ಮತ್ತೊಂದು ಥರ. ಪೌತಿ ಖಾತೆ ಆದ ಮೇಲೆ ಅಪ್ಪ ಆ ಕಾಗದವನ್ನ ಲ್ಯಾಮಿನೇಟ್ ಮಾಡಿಸೋಣ ಅಂದ್ರು. ಬೇಡ, ಸೀಲು ಕಾಣಲ್ಲ ಅಂತ ಅಜ್ಜಿ ಅದನ್ನ ತಗೊಂಡು ಮತ್ತೆ ಅದೇ ಪ್ಲಾಸ್ಟಿಕ್ ಕವರಿಗೆ ಹಾಕಿ ಟ್ರಂಕಲ್ಲಿ ಇಟ್ಟರು.